ಸಂತೆಯಲ್ಲಿ ನಿದ್ದೆ, ಹಾಸಿಗೆಯಲ್ಲಿ ಎಚ್ಚರ

ಪ್ರಶ್ನೆ: ನನಗೆ 38 ವರ್ಷ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ ಆಪರೇಟರ್. ಮನೆ ನೆಲಮಂಗಲದ ಹತ್ತಿರ, ಬೈಕಿನಲ್ಲಿ ಓಡಾಟ. 13 ವರ್ಷದಿಂದ ಶಿಫ್ಟ್ ಕೆಲಸ. ಒಂದು ವಾರ ನೈಟ್ (10ರಿಂದ 6), ಮುಂದಿನ ವಾರ ಸೆಕೆಂಡ್ (2ರಿಂದ 10), ಅದರ ಮುಂದಿನ ವಾರ ಫಸ್ಟ್ (6ರಿಂದ 2), ಆಮೇಲೆ ಮತ್ತೆ ನೈಟ್. ಮೊದಲೆಲ್ಲ ಹೇಗೋ ನಡೆಯುತ್ತಿತ್ತು. ಎರಡು ವರ್ಷದಿಂದ ಮಲಗಿದರೆ ನಿದ್ದೆ ಬರುವುದಿಲ್ಲ, ಎದ್ದರೆ ಸುಸ್ತು ಬಿಡುವುದಿಲ್ಲ. ನೈಟ್ ಮುಗಿಸಿ ಬಂದು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಮಲಗುವಾಗ ಹತ್ತೂವರೆ. ಒಂದೂವರೆಗೆಲ್ಲ ಎಚ್ಚರ. ಆದರೆ ಕ್ಯಾಂಟೀನಿನಲ್ಲಿ, ಟಿವಿ ಮುಂದೆ, ಕೂತಲ್ಲೇ ತೂಕಡಿಕೆ. ಹೋದ ತಿಂಗಳು ಮಾಕಳಿ ಹತ್ತಿರ ಬೈಕ್ ರಸ್ತೆ ಬಿಟ್ಟು ಮಣ್ಣಿಗೆ ಇಳಿದ ಮೇಲೆ ನನಗೆ ಎಚ್ಚರವಾಯಿತು. ದಿನಕ್ಕೆ ಎಂಟು ಹತ್ತು ಟೀ ಆಗುತ್ತದೆ. ತೂಕ 71 ಕೆ.ಜಿ. ಇದ್ದದ್ದು 86 ಆಗಿದೆ. ಬಿಪಿ ಜಾಸ್ತಿ ಎಂದು ಮಾತ್ರೆ ಶುರು ಮಾಡಿದ್ದಾರೆ. ಮಲಗಿದಾಗ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತೇನೆ. ಬಿ12 ಇಂಜೆಕ್ಷನ್, ಟಾನಿಕ್ ಎಲ್ಲ ಆಯಿತು. ಗೆಳೆಯರೊಬ್ಬರು ಕೊಟ್ಟ ನಿದ್ದೆ ಮಾತ್ರೆ ನಾಲ್ಕೈದು ಸಲ ತಗೊಂಡೆ. ಕೆಲವು ಸಲ ನೈಂಟಿ ಹಾಕಿ ಮಲಗಿದ್ದೂ ಉಂಟು. ಗಣೇಶನ ಹಬ್ಬಕ್ಕೆ ತಿಪಟೂರು ಕಡೆ ಊರಿಗೆ ಹೋದಾಗ ಆರು ದಿನ ಒಂಬತ್ತು ಹತ್ತು ಗಂಟೆ ಮಲಗಿದೆ. ಆದರೂ ಎದ್ದಾಗ ತಲೆ ಭಾರ, ಬಾಯಿ ಒಣ. ನನ್ನ ಗೊರಕೆಗೆ ನಮ್ಮ ಮನೆಯವರು ಹಾಲ್‌ನಲ್ಲಿ ಹೋಗಿ ಮಲಗುತ್ತಾರೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ, ನಿಮಗೆ ಸಂತೆಯಲ್ಲಿ ಮಾತ್ರ ನಿದ್ದೆ' ಎಂದು ನಗುತ್ತಾರೆ. ಅಭ್ಯಾಸಗಳನ್ನು ಬದಲಾಯಿಸಿಕೊಂಡು ಇದನ್ನು ಸರಿ ಮಾಡಿಕೊಳ್ಳಬಹುದಾ? ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ನಿಮ್ಮ ಮನೆಯವರ ತಮಾಷೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆಯನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಇಷ್ಟು ವರ್ಷ ನಿದ್ದೆಯ ರೋಗಿಗಳನ್ನು ನೋಡಿದ ಮೇಲೆ ಗಾದೆಯ ಮೇಲಿನ ನಂಬಿಕೆ ಸ್ವಲ್ಪ ಅಲುಗಾಡಿದೆ. ಸಂತೆಯಲ್ಲಿ ಕೂತಲ್ಲೇ ನಿದ್ದೆ ಹೋಗುವವನನ್ನು ಕಂಡರೆ ಇವನಿಗೆ ಚಿಂತೆ ಇಲ್ಲ ಎಂದು ನನಗೆ ಅನಿಸುವುದಿಲ್ಲ. ಇವನಿಗೆ ರಾತ್ರಿ ನಿದ್ದೆ ಆಗುತ್ತಿಲ್ಲ ಅನಿಸುತ್ತದೆ.

ನೀವು ಕೇಳಿದ್ದು ಅಭ್ಯಾಸಗಳ ಬಗ್ಗೆ. ಅದಕ್ಕೆ ಬರುತ್ತೇನೆ, ಹೇಳಲು ಬಹಳ ಇದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ನಿದ್ದೆಯ ಹೊತ್ತು ತಪ್ಪಿರುವುದು. ಅದಕ್ಕೆ ಕಾರಣ ಶಿಫ್ಟ್, ಅದು ನಿಮಗೂ ಗೊತ್ತು. ಇನ್ನೊಂದು, ಬಂದ ನಿದ್ದೆಯೂ ಕೆಟ್ಟಿರುವುದು. ಇದನ್ನು ನೀವು ಗಮನಿಸಿದ ಹಾಗೆ ಕಾಣುವುದಿಲ್ಲ, ಆದರೆ ಸಾಕ್ಷಿಯನ್ನು ನೀವೇ ಬರೆದು ಕಳಿಸಿದ್ದೀರಿ. ಊರಿನಲ್ಲಿ ಆರು ದಿನ ಶಿಫ್ಟ್ ಇರಲಿಲ್ಲ, ಅಲಾರಾಂ ಇರಲಿಲ್ಲ, ಒಂಬತ್ತು ಹತ್ತು ಗಂಟೆ ಮಲಗಿದಿರಿ. ಬರೀ ಶಿಫ್ಟಿನ ತೊಂದರೆಯಾಗಿದ್ದರೆ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಮೈ ಹಗುರ ಆಗಬೇಕಿತ್ತು. ನೀವು ತಲೆ ಭಾರ, ಬಾಯಿ ಒಣ ಅನ್ನುತ್ತೀರಿ.

ಇದರ ಜೊತೆಗೆ ಗೊರಕೆ, ಎರಡು ವರ್ಷದಲ್ಲಿ ಏರಿದ 15 ಕೆ.ಜಿ., ಹೊಸದಾಗಿ ಬಂದ ಬಿಪಿ, ನಿದ್ದೆಯ ಮಧ್ಯೆ ಮೂತ್ರಕ್ಕೆ ಏಳುವುದು, ಕೂತಲ್ಲಿ ತೂಕಡಿಕೆ. ಇಷ್ಟೂ ಒಬ್ಬರಲ್ಲೇ ಇದ್ದರೆ ನಾವು ಮೊದಲು ಅನುಮಾನಿಸುವುದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಪತ್ರ ಓದಿ ಇದೇ ಕಾಯಿಲೆ ಎಂದು ಹೇಳಲು ಬರುವುದಿಲ್ಲ. ಪರೀಕ್ಷೆ ಮಾಡಿಸದೆ ಬಿಡಲೂ ಬಾರದು.

ಹೀಗಾಗುತ್ತದೆ ನೋಡಿ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯು ಸಡಿಲ ಆಗುತ್ತವೆ. ಕುತ್ತಿಗೆಯ ಸುತ್ತ ಕೊಬ್ಬು ಸೇರಿದ್ದರೆ, ಅಂಗಾತ ಮಲಗಿದ್ದರೆ, ಉಸಿರಿನ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದೇ ಗೊರಕೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿ, ಹತ್ತು ಸೆಕೆಂಡೋ ಅರ್ಧ ನಿಮಿಷವೋ ಉಸಿರೇ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದ ಕೂಡಲೇ ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಗೊರ್ ಎಂದು ಒಂದು ದೊಡ್ಡ ಉಸಿರು, ಮತ್ತೆ ನಿದ್ದೆ. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಗ್ಗೆ ನಿಮಗೆ ನೆನಪೇ ಇರುವುದಿಲ್ಲ. ಗಂಟೆಗೆ 30ಕ್ಕೂ ಹೆಚ್ಚು ಸಲ ಹೀಗಾಗುವವರು ನನ್ನ ಹತ್ತಿರ ಬರುತ್ತಾರೆ. ನಿದ್ದೆ ಚೆನ್ನಾಗಿ ಬರುತ್ತೆ ಡಾಕ್ಟ್ರೇ, ಸುಸ್ತು ಮಾತ್ರ ಅನ್ನುತ್ತಾರೆ. ಪ್ರತಿ ಸಲ ಉಸಿರು ಕಟ್ಟಿದಾಗಲೂ ಅಡ್ರಿನಲಿನ್ ಏರುತ್ತದೆ, ಹಾಗಾಗಿ ಬಿಪಿ. ಉಸಿರಿಗಾಗಿ ಎದೆ ಎಳೆಯುವಾಗ ಹೃದಯದ ಮೇಲೆ ಬೀಳುವ ಒತ್ತಡಕ್ಕೆ ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುಗಡೆಯಾಗುತ್ತದೆ, ಹಾಗಾಗಿ ಮತ್ತೆ ಮತ್ತೆ ಬಾತ್‌ರೂಮ್.

ಎಷ್ಟೋ ಜನ ಶುಗರ್ ಇರಬೇಕು ಎಂದು ಅದನ್ನೊಂದೇ ನೋಡಿಸಿ, ನಾರ್ಮಲ್ ಬಂತು ಎಂದು ಸುಮ್ಮನಾಗುತ್ತಾರೆ. ನೀವೂ ಶುಗರ್ ನೋಡಿಸಿ. ಅದರ ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಕಿಡ್ನಿಗಾಗಿ ಕ್ರಿಯಾಟಿನಿನ್ ಇಷ್ಟು ಸಾಕು. ಗಂಡಸರಲ್ಲಿ ಹಿಮೋಗ್ಲೋಬಿನ್ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಲೆಕ್ಕ. ರಕ್ತ ಕಡಿಮೆ ಇರುವುದು ಹೆಂಗಸರ ತೊಂದರೆ ಅನ್ನುವ ಮಾತು ಪೂರ್ತಿ ನಿಜವಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25 ಜನರಿಗೆ ರಕ್ತಹೀನತೆ ಇತ್ತು. ಬಿ12 ಇಂಜೆಕ್ಷನ್ ಬಗ್ಗೆ ಒಂದು ಮಾತು. ಕೊರತೆ ಇದ್ದವರಿಗೆ ಅದು ಸಂಜೀವಿನಿ, ಇಲ್ಲದವರಿಗೆ ಕೆಂಪು ನೀರು. ರಕ್ತ ನೋಡದೆ ಸುಸ್ತು ಅಂದವರಿಗೆಲ್ಲ ಚುಚ್ಚುವ ಪದ್ಧತಿ ನಮ್ಮಲ್ಲಿ ಇದೆ. ನಮ್ಮ ವೃತ್ತಿಯವರ ಬಗ್ಗೆಯೇ ಹೀಗೆ ಹೇಳಬೇಕಾಗಿದೆ, ಏನು ಮಾಡುವುದು.

ಉಸಿರಿನ ಪರೀಕ್ಷೆಗೆ ಸ್ಲೀಪ್ ಸ್ಟಡಿ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ತಲೆ, ಎದೆ, ಬೆರಳು, ಮೂಗಿಗೆ ತಂತಿ ಅಂಟಿಸಿ ನೋಡುವುದು ಒಂದು ರೀತಿ. ಚಿಕ್ಕ ಯಂತ್ರ ಕೊಟ್ಟು ಮನೆಯಲ್ಲೇ ಮಾಡುವುದು ಇನ್ನೊಂದು. ನಿಮ್ಮಂಥವರಿಗೆ ಮನೆಯ ಪರೀಕ್ಷೆಯೇ ಎಷ್ಟೋ ಸಲ ಸಾಕಾಗುತ್ತದೆ. ಗಂಟೆಗೆ 5ಕ್ಕಿಂತ ಕಡಿಮೆ ಸಲ ಉಸಿರು ಕಟ್ಟಿದರೆ ಸರಿ, 15 ದಾಟಿದರೆ ಚಿಕಿತ್ಸೆ ಬೇಕು, 30 ದಾಟಿದರೆ ತೀವ್ರ. ಇಎಸ್‌ಐ ಕಾರ್ಡ್ ಇದ್ದರೆ ಮೊದಲು ಪೀಣ್ಯದ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ಪರೀಕ್ಷೆಯನ್ನು ಸೆಕೆಂಡ್ ಶಿಫ್ಟ್ ಇರುವ ವಾರದಲ್ಲಿ ಇಟ್ಟುಕೊಳ್ಳಿ. ಆ ವಾರ ನೀವು ಉಳಿದ ಜನರ ಹಾಗೆ ರಾತ್ರಿ ಮಲಗುತ್ತೀರಲ್ಲ.

ಆಪ್ನಿಯಾ ತೀವ್ರವಾಗಿದ್ದರೆ ಸಿಪ್ಯಾಪ್ ಅನ್ನುವ ಯಂತ್ರ ಬರೆದುಕೊಡುತ್ತಾರೆ. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಬೇಕು, ಒತ್ತಡದ ಗಾಳಿ ಗಂಟಲನ್ನು ತೆರೆದಿಡುತ್ತದೆ. ಹತ್ತಾರು ಸಾವಿರ ರೂಪಾಯಿ ಖರ್ಚು. ಮೊದಲ ಒಂದೆರಡು ವಾರ ಹಿಂಸೆ ಅನಿಸುತ್ತದೆ, ಮೂಗು ಒಣಗುತ್ತದೆ, ಮಕ್ಕಳು ನೋಡಿ ನಗುತ್ತಾರೆ. ತಂದು ಅಟ್ಟಕ್ಕೆ ಹಾಕಿದವರೂ ಇದ್ದಾರೆ. ಒಗ್ಗಿಸಿಕೊಂಡವರು ಮಾತ್ರ ಊರಿಗೆ ಹೋಗುವಾಗಲೂ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ತೊಂದರೆ ಕಡಿಮೆ ಮಟ್ಟದ್ದಾದರೆ ತೂಕ ಇಳಿಸುವುದು, ಪಕ್ಕಕ್ಕೆ ಮಲಗುವುದು ಎರಡೇ ಬಹಳ ಕೆಲಸ ಮಾಡುತ್ತವೆ. ದೇಹದ ತೂಕದಲ್ಲಿ ಹತ್ತರಲ್ಲಿ ಒಂದು ಭಾಗ ಇಳಿದರೆ ಉಸಿರು ಕಟ್ಟುವುದು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಎಂಟು ಒಂಬತ್ತು ಕೆ.ಜಿ. ಪಕ್ಕಕ್ಕೆ ಮಲಗಲು ಒಂದು ಹಳೇ ಉಪಾಯ ಇದೆ. ಹಳೇ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಮಕ್ಕಳ ಟೆನಿಸ್ ಚೆಂಡು ಹಾಕಿ. ಅಂಗಾತ ಹೊರಳಿದ ಕೂಡಲೇ ಅದೇ ಎಬ್ಬಿಸುತ್ತದೆ. ನೋಡಲು ತಮಾಷೆ, ಆದರೆ ಇವತ್ತು ರಾತ್ರಿಯೇ ಶುರು ಮಾಡಬಹುದು, ಖರ್ಚೂ ಇಲ್ಲ.

ಇನ್ನು ಮಾತ್ರೆ, ನೈಂಟಿ. ಇವೆರಡರ ಬಗ್ಗೆ ನನಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಿದೆ. ಗೆಳೆಯರು ಕೊಟ್ಟ ಮಾತ್ರೆ ಯಾವುದು ಎಂದು ನೀವು ಬರೆದಿಲ್ಲ. ಸಾಮಾನ್ಯವಾಗಿ ಕೈಯಿಂದ ಕೈಗೆ ಓಡಾಡುವುದು ಅಲ್ಪ್ರಾಜೊಲಾಮ್ ಅಥವಾ ಅದರ ಬಳಗದ್ದು. ಇವು ಶೆಡ್ಯೂಲ್ ಎಚ್1 ಔಷಧಿಗಳು. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯವರು ಕೊಡುವ ಹಾಗಿಲ್ಲ, ಕೊಟ್ಟಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಕಾನೂನು ಬಿಡಿ. ಈ ಮಾತ್ರೆಗಳು ಗಂಟಲಿನ ಸ್ನಾಯುವನ್ನು ಇನ್ನೂ ಸಡಿಲ ಮಾಡುತ್ತವೆ, ಉಸಿರು ಕಟ್ಟಿದಾಗ ಎಬ್ಬಿಸುವ ಮೆದುಳನ್ನೂ ಮಂಕು ಮಾಡುತ್ತವೆ. ಆಪ್ನಿಯಾ ಇರುವವರಿಗೆ ಎರಡೂ ಕಡೆಯಿಂದ ಹೊಡೆತ. ಹೆಂಡದ್ದೂ ಇದೇ ಕಥೆ. ನೈಂಟಿ ಹಾಕಿದರೆ ನಿದ್ದೆ ಬೇಗ ಬರುವುದು ನಿಜ. ಮೂರು ನಾಲ್ಕು ಗಂಟೆಯಲ್ಲಿ ಅದರ ಅಮಲು ಇಳಿಯುತ್ತದೆ, ಉಳಿದ ನಿದ್ದೆ ಚೂರು ಚೂರು. ಎರಡನ್ನೂ ಒಟ್ಟಿಗೆ ಮಾತ್ರ ಯಾವತ್ತೂ ಬೇಡ, ಮಲಗಿದವರು ಏಳದೇ ಇರಬಹುದು. ನೀವು ನಾಲ್ಕೈದು ಸಲ ತಗೊಂಡು ಬಿಟ್ಟಿದ್ದೀರಿ, ಅಲ್ಲಿಗೆ ನಿಲ್ಲಿಸಿ. ಇದನ್ನು ಓದುವ ಬೇರೆ ಯಾರಾದರೂ ತಿಂಗಳುಗಟ್ಟಲೆ ದಿನಾ ನುಂಗುತ್ತಿದ್ದರೆ ಅವರು ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯ ಇದೆ. ಡಾಕ್ಟರ ಜೊತೆ ಮಾತಾಡಿ ನಿಧಾನಕ್ಕೆ ಇಳಿಸಬೇಕು.

ಗಸಗಸೆ ಪಾಯಸ ಕುಡಿದು ಮಲಗಿ, ಮಲಗುವ ಮುಂಚೆ ಬಿಸಿ ಹಾಲು ಕುಡಿಯಿರಿ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಹಬ್ಬದ ಊಟದ ಮೇಲೆ ಗಸಗಸೆ ಪಾಯಸ ಕುಡಿದರೆ ಕಣ್ಣು ಎಳೆಯುವುದು ನನಗೂ ಗೊತ್ತು. ಅದರಲ್ಲಿ ಊಟದ ಪಾಲು ಎಷ್ಟು, ಗಸಗಸೆಯ ಪಾಲು ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ಹಾಲು ಕುಡಿಯುವುದರಿಂದ ತೊಂದರೆ ಇಲ್ಲ, ಕುಡಿಯಿರಿ. ನಿಮ್ಮ ತೊಂದರೆ ಹಾಲಿಗೆ ಬಗ್ಗುವಂಥದ್ದಲ್ಲ.

ಈಗ ಶಿಫ್ಟಿಗೆ ಬರೋಣ.

13 ವರ್ಷ ಆಯಿತು, ಮೈ ಒಗ್ಗಿರಬೇಕಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಗ್ಗುವುದಿಲ್ಲ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮೆದುಳಿನ ತಳದಲ್ಲಿ, ಸುಮಾರು 20 ಸಾವಿರ ಜೀವಕೋಶಗಳ ಒಂದು ಸಣ್ಣ ಗಂಟು ಇದೆ. ಅದು ದೇಹದ ಮುಖ್ಯ ಗಡಿಯಾರ. ಅದನ್ನು ನೋಡಿಕೊಂಡು ಲಿವರ್, ಹೊಟ್ಟೆ, ಹೃದಯ ಎಲ್ಲವೂ ತಮ್ಮ ತಮ್ಮ ಗಡಿಯಾರ ನಡೆಸುತ್ತವೆ. ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ಓಡುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ 2017ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಗಡಿಯಾರಕ್ಕೆ ಕೀ ಕೊಡುವುದು ಬೆಳಕು. ನೈಟ್ ಮುಗಿಸಿ ನೀವು ತುಮಕೂರು ರಸ್ತೆಯಲ್ಲಿ ಎಳೆ ಬಿಸಿಲು ನೋಡಿಕೊಂಡು ಬರುತ್ತೀರಲ್ಲ, ಪ್ರತಿ ದಿನ ಅದು ಗಡಿಯಾರಕ್ಕೆ ಬೆಳಗಾಯಿತು ಎಂದು ಹೇಳುತ್ತಲೇ ಇರುತ್ತದೆ. 13 ವರ್ಷ ಆದರೂ ಅದು ನಂಬುವುದು ಸೂರ್ಯನನ್ನು, ನಿಮ್ಮ ಪಂಚಿಂಗ್ ಕಾರ್ಡನ್ನಲ್ಲ.

ಗಡಿಯಾರವನ್ನು ಸರಿಸಬಹುದು, ಆದರೆ ಸುಮಾರಾಗಿ ದಿನಕ್ಕೆ ಒಂದು ಗಂಟೆ ಮಾತ್ರ. ಆರು ನೈಟ್ ಮಾಡುವಷ್ಟರಲ್ಲಿ ಅರ್ಧ ದಾರಿಗೆ ಬಂದಿರುತ್ತದೆ. ಅಷ್ಟರಲ್ಲಿ ನಿಮ್ಮ ಶಿಫ್ಟ್ ಬದಲು. ಇನ್ನೊಂದು ವಿಷಯ ಇದೆ, ಅದು ನಿಮ್ಮ ಫ್ಯಾಕ್ಟರಿಯವರಿಗೂ ಗೊತ್ತಾಗಬೇಕು. ಮನುಷ್ಯನ ಒಳಗಡಿಯಾರದ ದಿನ 24 ಗಂಟೆಗಿಂತ ಸ್ವಲ್ಪ ಉದ್ದ, ಸರಾಸರಿ 24 ಗಂಟೆ 10 ನಿಮಿಷದ ಆಸುಪಾಸು. ಹಾಗಾಗಿ ತಡವಾಗಿ ಮಲಗುವುದು ನಮಗೆ ಸುಲಭ, ಬೇಗ ಮಲಗುವುದು ಕಷ್ಟ. ಫಸ್ಟ್ ಆದ ಮೇಲೆ ಸೆಕೆಂಡ್, ಸೆಕೆಂಡ್ ಆದ ಮೇಲೆ ನೈಟ್, ಹೀಗೆ ಮುಂದಕ್ಕೆ ಸರಿಯುವ ಶಿಫ್ಟಿಗೆ ಮೈ ಹೊಂದಿಕೊಳ್ಳುವುದು ಸಲೀಸು. ನಿಮ್ಮದು ತಲೆಕೆಳಗು. ನೈಟ್, ಸೆಕೆಂಡ್, ಫಸ್ಟ್. ಪ್ರತಿ ವಾರ ಎಂಟು ಗಂಟೆ ಹಿಂದಕ್ಕೆ ಎಳೆಯುತ್ತಾರೆ.

ಇದನ್ನು ಸೂಪರ್‌ವೈಸರ್ ಹತ್ತಿರ, ಇದ್ದರೆ ಯೂನಿಯನ್‌ನವರ ಹತ್ತಿರ ಮಾತಾಡಿ. ನೈಟ್ ತೆಗೆಯಿರಿ ಎಂದು ಕೇಳಬೇಡಿ, ಸುತ್ತುವ ದಿಕ್ಕು ಬದಲಿಸಿ ಎಂದು ಕೇಳಿ. ಅವರಿಗೆ ಒಬ್ಬ ಆಳೂ ಜಾಸ್ತಿ ಬೇಕಾಗಿಲ್ಲ, ಒಂದು ರೂಪಾಯಿ ಖರ್ಚಿಲ್ಲ, ರೋಸ್ಟರ್ ತಿದ್ದಿದರೆ ಮುಗಿಯಿತು. ಒಬ್ಬರೇ ಹೋದರೆ ಕಂಪ್ಲೇಂಟ್ ಅನಿಸುತ್ತದೆ. ಲೈನಿನ ನಾಲ್ಕು ಜನ ಒಟ್ಟಿಗೆ ಹೋದರೆ ಸಲಹೆ ಅನಿಸುತ್ತದೆ. ಕೆಲವು ತಿಂಗಳ ಮಟ್ಟಿಗೆ ನೈಟ್ ಬೇಡ ಎಂದು ಡಾಕ್ಟರ ಚೀಟಿ ಕೊಡುವ ದಾರಿಯೂ ಇದೆ. ನೈಟ್ ಅಲೊಯನ್ಸ್ ತಪ್ಪುತ್ತದೆ, ಕೆಲವು ಕಡೆ ಇವನ ಕೈಲಿ ಆಗಲ್ಲ ಅನ್ನುವ ಹೆಸರೂ ಬರುತ್ತದೆ. ಸ್ಲೀಪ್ ಸ್ಟಡಿ ರಿಪೋರ್ಟ್ ಕೈಗೆ ಬರುವವರೆಗೆ ಆ ಚೀಟಿ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ರಿಪೋರ್ಟ್ ಇದ್ದರೆ ಮಾತಿಗೆ ತೂಕ ಇರುತ್ತದೆ.

ರೋಸ್ಟರ್ ಬದಲಾಗುವವರೆಗೆ ನಿಮ್ಮ ಕೈಯಲ್ಲಿ ಏನಿದೆ?

ನೈಟ್ ವಾರವೇ ಕಷ್ಟದ್ದು, ಅದನ್ನು ಮೊದಲು ಹಿಡಿಯೋಣ. ಈಗ ನೀವು ಏಳಕ್ಕೆ ಮನೆಗೆ ಬಂದು ಹತ್ತೂವರೆಗೆ ಮಲಗುತ್ತೀರಿ. ಆ ಮೂರೂವರೆ ಗಂಟೆಯಲ್ಲಿ ಬಿಸಿಲು ಏರಿ, ಮೈ ಬಿಸಿಯಾಗಿ, ಗಡಿಯಾರ ಪೂರ್ತಿ ಎದ್ದು ಕೂತಿರುತ್ತದೆ. ಆಮೇಲೆ ನಿದ್ದೆ ಬಂದರೂ ಮೂರು ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ. ಆ ವಾರ ಮಕ್ಕಳನ್ನು ಸ್ಕೂಲಿಗೆ ಬಿಡುವ ಕೆಲಸ ಬೇರೆ ಯಾರಿಗಾದರೂ ವಹಿಸಿ. ಮೂರು ವಾರಕ್ಕೊಮ್ಮೆ ಅಷ್ಟೇ ಅಲ್ವಾ, ಪಕ್ಕದ ಮನೆಯವರ ಜೊತೆ ಹೊಂದಿಸಿಕೊಂಡು ಉಳಿದ ಎರಡು ವಾರ ಅವರ ಮಕ್ಕಳನ್ನು ನೀವು ಬಿಡಬಹುದು. ಬಂದ ಕೂಡಲೇ ಮುಖ ತೊಳೆದು, ಎರಡು ಇಡ್ಲಿಯೋ ಒಂದು ಲೋಟ ರಾಗಿ ಅಂಬಲಿಯೋ ತಗೊಂಡು, ಏಳೂವರೆ ಎಂಟಕ್ಕೆ ಹಾಸಿಗೆ. ದಾರಿಯ ಹೋಟೆಲಿನಲ್ಲಿ ಪೂರಿ ಸಾಗು, ಮೇಲೊಂದು ಟೀ ಬೇಡ. ಒಂದು ಗಂಟೆಯವರೆಗೆ ಐದು ತಾಸು ಸಿಕ್ಕಿದರೆ ಸಾಕು. ಸಂಜೆ ಆರರಿಂದ ಏಳೂವರೆ ಇನ್ನೊಂದು ಸಲ ಮಲಗಿ. ನಿದ್ದೆ ಬರದಿದ್ದರೆ ಕತ್ತಲಲ್ಲಿ ಸುಮ್ನೆ ಬಿದ್ದುಕೊಂಡಿರಿ. ಎರಡೂ ಸೇರಿ ಆರೂವರೆ ಗಂಟೆ. ಬೆಳೆದವರಿಗೆ ಬೇಕಾದ ಏಳು ಗಂಟೆಗೆ ಹತ್ತಿರ ಬಂತು. ನಿದ್ದೆ ಒಂದೇ ಸಲ ಆಗಲೇಬೇಕು ಎಂದೇನಿಲ್ಲ.

ಹಗಲು ನಿದ್ದೆಗೆ ಕೋಣೆ ಕತ್ತಲಾಗಿರಬೇಕು. ದುಡ್ಡು ಹಾಕಿ ಪರದೆ ತರಬೇಕಿಲ್ಲ, ದಪ್ಪ ಕಪ್ಪು ಬಟ್ಟೆಯನ್ನು ಕಿಟಕಿಗೆ ಮೊಳೆ ಹೊಡೆದರೆ ಆಯಿತು. ಶೀಟಿನ ಮನೆಯಾದರೆ ಬೇಸಿಗೆಯಲ್ಲಿ ಕಾದು ಕೆಂಡ ಆಗುತ್ತದೆ, ಇರುವುದರಲ್ಲಿ ತಣ್ಣಗಿನ ಕೋಣೆ ಆರಿಸಿ, ನೆಲ ಒರೆಸಿ ಫ್ಯಾನ್ ಹಾಕಿ. ಫ್ಯಾನಿನ ಸದ್ದು ಬೀದಿಯ ಸದ್ದನ್ನೂ ಮುಚ್ಚುತ್ತದೆ. ಮೊಬೈಲ್ ಮನೆಯವರ ಕೈಗೆ ಕೊಡಿ. ಹಗಲು ಮಲಗಿದವರನ್ನು ಎಬ್ಬಿಸುವುದು ತಪ್ಪು ಎಂದು ನಮ್ಮಲ್ಲಿ ಯಾರಿಗೂ ಅನಿಸುವುದಿಲ್ಲ. ಗ್ಯಾಸ್ ಸಿಲಿಂಡರ್ ಬಂತು ಏಳಿ, ನೆಂಟರು ಬಂದಿದ್ದಾರೆ ಏಳಿ. ರಾತ್ರಿ ಎರಡಕ್ಕೆ ಯಾರಾದರೂ ಹೀಗೆ ಎಬ್ಬಿಸುತ್ತಾರಾ? ನೈಟ್ ಮಾಡಿ ಬಂದವರಿಗೆ ಬೆಳಗ್ಗೆ ಹತ್ತು ಅಂದರೆ ರಾತ್ರಿ ಎರಡೇ. ಇದನ್ನು ಮನೆಯವರಿಗೆ ಒಂದು ಸಲ ಕೂತು ಹೇಳಿ.

ಟೀ ಪೂರ್ತಿ ಬಿಡಿ ಎಂದು ಹೇಳುವುದಿಲ್ಲ. ನೈಟ್ ಶಿಫ್ಟಿನವರಿಗೆ ಹಾಗೆ ಹೇಳುವ ಡಾಕ್ಟರ್ ನೈಟ್ ಮಾಡಿರುವುದಿಲ್ಲ. ನಾವು ಎಚ್ಚರ ಇದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದೇ ನಿದ್ದೆಯ ಒತ್ತಡ. ಟೀ ಕಾಫಿಯ ಕೆಫೀನ್ ಅದು ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಸಾಲ ತೀರುವುದಿಲ್ಲ, ಸಾಲಗಾರ ಸ್ವಲ್ಪ ಹೊತ್ತು ಬಾಗಿಲಾಚೆ ನಿಲ್ಲುತ್ತಾನೆ ಅಷ್ಟೇ. ಮೈಯಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ನಾಲ್ಕಕ್ಕೆ ಕುಡಿದ ಟೀಯ ಅರ್ಧ, ಒಂಬತ್ತಕ್ಕೂ ಮೈಯಲ್ಲೇ ಇರುತ್ತದೆ. ಹಾಗಾಗಿ ಶಿಫ್ಟಿನ ಮೊದಲ ಅರ್ಧದಲ್ಲಿ ಎಷ್ಟು ಬೇಕೋ ಕುಡಿದು ಮುಗಿಸಿ, ರಾತ್ರಿ ಎರಡು ಗಂಟೆ ಆದ ಮೇಲೆ ಬೇಡ. ಹತ್ತು ಟೀಯಿಂದ ನಾಲ್ಕಕ್ಕೆ ಇಳಿಯುವಾಗ ಎರಡು ಮೂರು ದಿನ ತಲೆ ನೋಯುತ್ತದೆ, ವಾರಕ್ಕೆ ಎರಡೆರಡೇ ಕಡಿಮೆ ಮಾಡಿ. ಹತ್ತು ಟೀಯಲ್ಲಿ ಹೋಗುವ ಸಕ್ಕರೆಯನ್ನೂ ಲೆಕ್ಕ ಹಾಕಿ ನೋಡಿ, ಆ 15 ಕೆ.ಜಿ.ಯಲ್ಲಿ ಅದರ ಪಾಲೂ ಇದೆ.

ಬ್ರೇಕಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಲು ಜಾಗ ಸಿಕ್ಕರೆ ಅದು ಮೂರು ಟೀಗೆ ಸಮ. ಟೀ ಕುಡಿದ ಕೂಡಲೇ ಮಲಗಿದರೆ ಇನ್ನೂ ಒಳ್ಳೆಯದು, ಕೆಫೀನ್ ಏರುವ ಹೊತ್ತಿಗೆ ಸರಿಯಾಗಿ ಎದ್ದಿರುತ್ತೀರಿ. ಅರ್ಧ ಗಂಟೆ ದಾಟಿಸಬೇಡಿ. ಗಾಢ ನಿದ್ದೆಯಿಂದ ಎದ್ದರೆ ಮಂಪರು ಬಿಡಲು ಹೊತ್ತು ಬೇಕು, ಆ ಮಂಪರಿನಲ್ಲಿ ಮೆಷಿನ್ ಮುಟ್ಟುವುದು ಬೇಡ. ಊಟದ್ದು ಸರಳ. ಮುಖ್ಯ ಊಟ ಮನೆಯಲ್ಲಿ ರಾತ್ರಿ ಎಂಟೂವರೆಗೆ. ನಡುರಾತ್ರಿ ಹೊಟ್ಟೆ, ಲಿವರ್ ಎರಡೂ ಮಲಗಿರುತ್ತವೆ, ಅದೇ ಚಿತ್ರಾನ್ನ ಹಗಲಿಗಿಂತ ರಾತ್ರಿ ಎರಡಕ್ಕೆ ತಿಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ. ಹಸಿವಾದರೆ ಮಜ್ಜಿಗೆ, ಬಾಳೆಹಣ್ಣು, ಒಂದು ಹಿಡಿ ಕಡಲೆ.

ನೈಟ್ ವಾರದ ಕೊನೆಯ ಬೆಳಗ್ಗೆ ಮಾತ್ರ ಬೇರೆ ಲೆಕ್ಕ. ಆವತ್ತು ಹನ್ನೊಂದಕ್ಕೇ ಅಲಾರಾಂ ಇಟ್ಟು ಎದ್ದುಬಿಡಿ, ಬಿಸಿಲಿನಲ್ಲಿ ಓಡಾಡಿ, ರಾತ್ರಿ ಹತ್ತಕ್ಕೆ ಮಲಗಿ. ಇಡೀ ದಿನ ಮಲಗಿದರೆ ರಾತ್ರಿ ಮತ್ತೆ ಗೂಬೆ. ಫಸ್ಟ್ ಶಿಫ್ಟಿನ ವಾರ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಏಳಬೇಕು, ಆದ್ದರಿಂದ ಹತ್ತರ ಒಳಗೆ ಮಲಗಬೇಕು. ಎಂಟೂವರೆಗೇ ಹೋಗಿ ಮಲಗಿ ಹೊರಳಾಡಬೇಡಿ. ಮಾಮೂಲಿ ನಿದ್ದೆ ಹೊತ್ತಿನ ಹಿಂದಿನ ಒಂದೆರಡು ಗಂಟೆ ಮೈ ಅತಿ ಎಚ್ಚರದಲ್ಲಿರುತ್ತದೆ. ಸೆಕೆಂಡ್ ಶಿಫ್ಟಿನ ವಾರ ನಿಮ್ಮ ಬಂಗಾರದ ವಾರ, ಹನ್ನೆರಡರಿಂದ ಏಳೂವರೆ ಆರಾಮಾಗಿ ಮಲಗಬಹುದು. ಆ ವಾರವನ್ನು ಹಾಳು ಮಾಡುವುದು ಮೊಬೈಲಿನ ರೀಲ್ಸ್. ಶಿಫ್ಟ್ ಮುಗಿಸಿ ಬಂದು ಒಂದೂವರೆಯವರೆಗೆ ನೋಡಿ ಬೆಳಗ್ಗೆ ಒಂಬತ್ತೂವರೆಗೆ ಎದ್ದರೆ, ಮುಂದಿನ ಸೋಮವಾರ ನಾಲ್ಕೂಮುಕ್ಕಾಲಿಗೆ ಏಳುವವರು ಯಾರು?

ನೈಟ್ ವಾರದ ಸಂಜೆ ನಿದ್ದೆಯೊಂದನ್ನು ಬಿಟ್ಟು, ಯಾವ ವಾರವಾದರೂ ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಎದ್ದು ಬನ್ನಿ. ಮಂದ ಬೆಳಕಿನಲ್ಲಿ ಕೂತಿದ್ದು, ತೂಕಡಿಕೆ ಬಂದಾಗ ಮತ್ತೆ ಹೋಗಿ. ಹಾಸಿಗೆ ಅಂದರೆ ಕಾದು ಕೂರುವ ಜಾಗ ಎಂದು ಮೆದುಳು ಕಲಿತುಬಿಟ್ಟರೆ ಬಿಡಿಸುವುದು ಕಷ್ಟ. ನಿದ್ರಾಹೀನತೆಗೆ ಮಾತ್ರೆಗಿಂತ ಮುಂಚೆ ಇಂಥ ಅಭ್ಯಾಸ ಚಿಕಿತ್ಸೆ ಕೊಡಬೇಕು ಎಂದು ಅಮೆರಿಕದ ಫಿಸಿಶಿಯನ್‌ಗಳ ಸಂಸ್ಥೆ 2016ರಲ್ಲೇ ಹೇಳಿದೆ. ನಿಮ್ಹಾನ್ಸ್‌ನಂಥ ಕಡೆ ಇದನ್ನು ಕಲಿಸುತ್ತಾರೆ. ಮನಸ್ಸು ಕುಗ್ಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಖಿನ್ನತೆಯೂ ಸುಸ್ತಿನ ವೇಷದಲ್ಲಿ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಸುಸ್ತಿನ ಜೊತೆ ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ನಡೆದರೆ ಎದೆ ಹಿಡಿಯುವುದು ಇದ್ದರೆ ನಿದ್ದೆಯ ಮಾತು ಆಮೇಲೆ, ಮೊದಲು ಆಸ್ಪತ್ರೆ.

ಮಾಕಳಿಯ ಘಟನೆಯನ್ನು ಕೊನೆಗೆ ಉಳಿಸಿಕೊಂಡೆ. ನಾನು ಹೌಸ್ ಸರ್ಜನ್ ಆಗಿದ್ದಾಗ 36 ಗಂಟೆ ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತಿ, ಸಿಗ್ನಲ್ಲಿನಲ್ಲಿ ನಿಂತಲ್ಲೇ ನಿದ್ದೆ ಹೋಗಿದ್ದೆ. ಹಿಂದಿನ ಆಟೊದವರು ಇಳಿದು ಬಂದು ಭುಜ ತಟ್ಟಿ ಎಬ್ಬಿಸಿದರು. ನಿಂತಿದ್ದೆ, ಬಚಾವಾದೆ. ನೀವು ಓಡುತ್ತಿದ್ದಿರಿ. 50 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಬೈಕ್ 40 ಮೀಟರ್ ದಾಟಿರುತ್ತದೆ, ಅದೂ ಲಾರಿಗಳ ಮಧ್ಯೆ. 17 ಗಂಟೆ ಸತತ ಎಚ್ಚರ ಇದ್ದವರ ಕೈ, ಕಣ್ಣಿನ ಚುರುಕು ರಕ್ತದಲ್ಲಿ 0.05 ಶೇಕಡಾ ಹೆಂಡ ಇರುವವರಷ್ಟೇ ಇರುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಕಾನೂನಿನಲ್ಲಿ ವಾಹನ ಓಡಿಸಲು ಇರುವ ಮಿತಿ 0.03. ಹಾಡು ಹಾಕಿಕೊಳ್ಳುವುದು, ಹೆಲ್ಮೆಟ್ ಗಾಜು ಎತ್ತಿ ಗಾಳಿ ಬಿಟ್ಟುಕೊಳ್ಳುವುದು, ಮುಖಕ್ಕೆ ನೀರು ಚಿಮುಕಿಸುವುದು ಯಾವುದೂ ಐದು ಹತ್ತು ನಿಮಿಷದ ಮೇಲೆ ನಿಲ್ಲುವುದಿಲ್ಲ.

ಹಾಗಾಗಿ ಸ್ಲೀಪ್ ಸ್ಟಡಿ ಆಗಿ ಚಿಕಿತ್ಸೆ ಶುರುವಾಗುವವರೆಗೆ ನೈಟ್ ವಾರದಲ್ಲಿ ಬೈಕ್ ಮನೆಯಲ್ಲಿರಲಿ. ನೆಲಮಂಗಲದ ಕಡೆಗೆ ಬಸ್ಸಿದೆ, ಮಾದಾವರದವರೆಗೆ ಮೆಟ್ರೊ ಬಂದಿದೆ. ಅರ್ಧ ಗಂಟೆ ತಡ ಆಗುತ್ತದೆ, ಹಾಸಿಗೆ ಎಂಟೂವರೆಗೆ ಆಗಲಿ. ಬಸ್ಸಿನಲ್ಲಾದರೆ ತಂಪು ಕನ್ನಡಕ ಹಾಕಿಕೊಂಡು ಬನ್ನಿ, ಗಡಿಯಾರಕ್ಕೆ ಬಿಸಿಲು ಕಡಿಮೆ ಕಾಣುತ್ತದೆ. ಬೈಕ್ ಓಡಿಸುವಾಗ ಆ ಉಪಾಯ ಬೇಡ, ನಿದ್ದೆ ಇನ್ನೂ ಎಳೆಯುತ್ತದೆ.

ಇವತ್ತಿನಿಂದ ಮಕ್ಕಳ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಮೂರು ವಾರ ಬರೆದಿಡಿ. ಯಾವ ಶಿಫ್ಟ್, ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಎಷ್ಟು ಟೀ, ಎಲ್ಲಿ ತೂಕಡಿಕೆ ಬಂತು. ಒಂದು ಸುತ್ತು ಶಿಫ್ಟ್ ಮುಗಿಯುವಷ್ಟರಲ್ಲಿ ಎರಡು ಪುಟ ಆಗುತ್ತದೆ. ಸ್ಟಡಿಗೆ ಮಾತ್ರ ಮೂರು ವಾರ ಕಾಯಬೇಡಿ, ಈ ವಾರವೇ ಹೆಸರು ಬರೆಸಿ. ಸೆಕೆಂಡ್ ಶಿಫ್ಟಿನ ಒಂದು ರಾತ್ರಿ ನೀವು ಗೊರಕೆ ಹೊಡೆಯುವಾಗ ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಲು ಮನೆಯವರಿಗೆ ಹೇಳಿ, ಗೊರಕೆ ಒಮ್ಮೆಲೇ ನಿಂತು ಸದ್ದೇ ಇಲ್ಲದ ಹೊತ್ತನ್ನು ತಪ್ಪದೆ ಹಿಡಿಯಬೇಕು. ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ಎಷ್ಟು ತುಂಬಿದೆಯೋ ಅಷ್ಟು, ವಿಡಿಯೊ, ಬಿಪಿ ಮಾತ್ರೆಯ ಚೀಟಿ ತಗೊಂಡು ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ. ನಾವು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅವರಿಗೆ ಮಾತ್ರ ಗೊತ್ತಿರುತ್ತದೆ.